ಸಹಾಯಾರ್ಥ ನಾಟಕದ ಜಮಾ-ಖರ್ಚು

ಲಕ್ಷ್ಮೇಶ್ವರದಲ್ಲಿ ನಾವು ಆಡಿಸಿದ ಸಹಾಯಾರ್ಥ ನಾಟಕಕ್ಕೆ 508 ಟಿಕೆಟುಗಳು ಹೋದವು. ಕುರ್ಚಿಗಳು ಸಾಲದೆ ಹಿಂದಿನವರು ನಿಂತೇ ನೋಡಿದರು. ನಾಯಕಿಯ ಹಾಡಿಗೆ ಒನ್ಸ್‌ಮೋರ್ ಕೂಗು ಮೂರು ಸಲ ಎದ್ದಿತು. ಮಂಗಳಾರತಿಯಾಗಿ ಜನರು ಮನೆಗೆ ಹೊರಟಾಗ, ಇಂಥ ಪುಣ್ಯಕಾರ್ಯ ವರ್ಷಕ್ಕೊಮ್ಮೆಯಾದರೂ ಆಗಬೇಕೆಂದು ಹಿರಿಯರನೇಕರು ನಮ್ಮ ಕೈಹಿಡಿದು ನುಡಿದರು. ಮರುದಿನ ಮಧ್ಯಾಹ್ನ ಖರ್ಚಿನ ಚೀಟಿಗಳನ್ನೆಲ್ಲ ಮುಂದೆ ಹರವಿಕೊಂಡು ಲೆಕ್ಕವನ್ನು ಮುಗಿಸಿದಾಗ, ಯಾರ ಸಲುವಾಗಿ ಇಷ್ಟೆಲ್ಲ ನಡೆದಿತ್ತೋ ಆ ಪೇಟಿ ಮಾಸ್ತರರ ಪಾಲಿಗೆ ಉಳಿದಿದ್ದುದು 1,650 ರೂಪಾಯಿ. ಗದುಗಿನ ಅಡತಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ದಿವಾನಜಿಯಾಗಿ ಕೀರ್ದಿ-ಖಾತೆ ಬರೆದವನು ನಾನು. ಪರರ ಹಣವನ್ನು ಕಾಸಿಗೆ ಕಾಸು ಲೆಕ್ಕವಿಟ್ಟ ಈ ಕೈ, ಆರ್ತನೊಬ್ಬನ ಹಣ ತನ್ನ ಕಣ್ಣೆದುರಿಗೇ ಸೋರಿಹೋದುದನ್ನು ತಡೆಯಲಾರದೆ ಹೋಯಿತೆಂಬ ವ್ಯಥೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಮಾಸ್ತರರು ಶಿರಹಟ್ಟಿಯವರು. ಬಾಲ್ಯದಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸ್ವರ ಕಲಿತು, ಆಮೇಲೆ ಕಂಪನಿಯಿಂದ ಕಂಪನಿಗೆ ಸಂಚರಿಸುತ್ತ, ಆಯುಷ್ಯದ ಬಹುಭಾಗವನ್ನು ರಂಗದ ಮುಂದಿನ ತಗ್ಗಿನಲ್ಲಿ ಕುಳಿತು ಇತರರ ಹಾಡಿಗೆ ಪೇಟಿ ನುಡಿಸುವುದರಲ್ಲಿಯೇ ಕಳೆದವರು. ಅರುವತ್ತೆರಡನೆಯ ವಯಸ್ಸಿನಲ್ಲಿ ಲಕ್ವಾ ಹೊಡೆದು ಬಲಗೈ ನಿಶ್ಚೇಷ್ಟಿತವಾಯಿತು. ಅಂಥವರಿಗೆ ನಾಟಕದ ಮೂಲಕವೇ ನೆರವಾಗಬೇಕೆಂದು ನಮಗೆ ತೋಚಿದ್ದು ಸಹಜವೇ ಸರಿ; ನಮ್ಮ ಸೀಮೆಯೇ ನಾಟಕದ್ದು. ಸಕ್ಕರಿ ಬಾಳಾಚಾರ್ಯರು ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದ್ದು ಇದೇ ಗದುಗಿನಲ್ಲಿ. ವೆಂಕೋಬರಾಯರ ಮಹಾಲಕ್ಷ್ಮೀ ಪ್ರಾಸಾದಿಕ ಮಂಡಳಿ ಶಿರಹಟ್ಟಿಯದು. ಗರುಡ ಸದಾಶಿವರಾಯರ ದತ್ತಾತ್ರೇಯ ಮಂಡಳಿ ಮತ್ತೆ ಗದುಗಿನದು. ಇವೆಲ್ಲಕ್ಕಿಂತ ನಮ್ಮ ಕಣ್ಣಮುಂದಿದ್ದುದು ಪುಣ್ಯಾಶ್ರಮದ ನಿದರ್ಶನ. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದ ಬಳಿಕ, ಅಂಧರೂ ಅನಾಥರೂ ಆದ ಮಕ್ಕಳ ಅನ್ನ-ವಿದ್ಯೆಗಳ ಭಾರವನ್ನು ಹೊತ್ತ ಪುಟ್ಟರಾಜ ಗವಾಯಿಗಳು, ಸ್ವತಃ ಅಂಧರಾಗಿದ್ದೂ ನಾಟಕಗಳನ್ನು ರಚಿಸಿ, ನಾಟ್ಯಸಂಘವನ್ನು ನಡೆಯಿಸಿ, ಊರೂರಿನ ಉತ್ಪನ್ನವನ್ನು ಆಶ್ರಮಕ್ಕೆ ತಂದರು. ಭಕ್ತರು ಅವರಿಗೆ ಮಾಡುತ್ತಿದ್ದ ತುಲಾಭಾರಗಳ ಹಣವೂ ಅಲ್ಲಿಗೇ ಸಂದಿತು. ಅವರ ಆಶ್ರಮವನ್ನು ಸಲಹಿದ್ದು ಯಾವುದೋ ಒಂದು ವೈಭವದ ರಾತ್ರಿಯಲ್ಲ, ವರ್ಷಾನುವರ್ಷ ಅವಿಚ್ಛಿನ್ನವಾಗಿ ಬಂದ ಸಣ್ಣ ಸಣ್ಣ ಕಾಣಿಕೆಗಳೆಂಬುದನ್ನು ನಾನು ತಿಳಿದದ್ದು ತಡವಾಗಿ.

ಆರಂಭದಲ್ಲಿ ಬಾರ್ ಒಂದರ ಮಾಲಕರು, ತಮ್ಮಲ್ಲಿಯೇ ಒಂದು ಸಂಜೆ ಗಾಯನವನ್ನಿಟ್ಟರೆ ಆ ದಿನದ ಲಾಭವನ್ನೆಲ್ಲ ಮಾಸ್ತರರಿಗೆ ಕೊಡುವೆನೆಂದು ತಾವಾಗಿಯೇ ಹೇಳಿಕಳಿಸಿದ್ದರು. ಅವರ ಔದಾರ್ಯದಲ್ಲಿ ಕಪಟವೇನೂ ಇರಲಿಲ್ಲ. ಆದರೆ ಅಲ್ಲಿಗೆ ಹೆಣ್ಣುಮಕ್ಕಳು ಬರುವಂತಿರಲಿಲ್ಲ. ನಮ್ಮ ಭಾಗದಲ್ಲಿ ದುಃಖಿತರಿಗಾಗಿ ಮೊದಲು ಬಿಚ್ಚುವುದು ಸೆರಗಿನ ಗಂಟೇ ಎಂಬುದನ್ನು ಬಲ್ಲ ನಾವು ಒಲ್ಲೆವೆಂದೆವು. ಮುಂದೆ ಅದೇ ಮಾಲಕರು ಬೇರೊಂದು ರೀತಿಯಲ್ಲಿ ನೆರವಾದರು; ಅದನ್ನು ಆಮೇಲೆ ಹೇಳುತ್ತೇನೆ.

ಲಕ್ಷ್ಮೇಶ್ವರದ ಲೆಕ್ಕ ಹೀಗಿತ್ತು. ನೂರು ರೂಪಾಯಿಯ 412, ಇನ್ನೂರರ 96, ಒಟ್ಟು 60,400 ರೂಪಾಯಿಯ ಟಿಕೆಟು. ಇದರಲ್ಲಿ 58 ಟಿಕೆಟುಗಳನ್ನು ಪರಿಚಯದವರ ಕೈಗೆ ಉದ್ರಿ ಕೊಟ್ಟಿದ್ದೆವು. ಆ 5,800 ರೂಪಾಯಿ ಬರಲೇ ಇಲ್ಲ. ಕೈಗೆ ಬಂದ ರೋಖು 54,600. ಕಲಾವಿದರ ಸಂಭಾವನೆ 27,000, ಸೀನರಿ, ಬೆಳಕು, ಧ್ವನಿವರ್ಧಕ ಕೂಡಿ 12,500, ಪೆಂಡಾಲು ಕುರ್ಚಿಗಳಿಗೆ 6,800, ಗೋಡೆಪತ್ರಿಕೆ ಕರಪತ್ರಗಳ ಮುದ್ರಣಕ್ಕೆ 3,400, ಊಟ-ಉಪಾಹಾರಕ್ಕೆ 3,250, ಒಟ್ಟು 52,950. ಇವುಗಳಲ್ಲಿ ಒಂದೂ ಮೋಸದ ಖರ್ಚಲ್ಲ. ಪ್ರತಿಯೊಬ್ಬರೂ ತಮ್ಮ ನ್ಯಾಯವಾದ ದರವನ್ನೇ ತೆಗೆದುಕೊಂಡರು. ಸಂಚಕಾರ ಕೊಡುವಾಗ ನಾವೂ, ಹೇಗೂ ಟಿಕೆಟಿನಲ್ಲಿ ಹುಟ್ಟುತ್ತದೆಂಬ ಧೈರ್ಯದಿಂದ, ಕೊಸರಾಡಲಿಲ್ಲ. ಬಣ್ಣದ ದೀಪಗಳು ಎರಡಿದ್ದಲ್ಲಿ ನಾಲ್ಕಾದವು, ಒಂದು ಬಣ್ಣದ ಗೋಡೆಪತ್ರಿಕೆ ಮೂರು ಬಣ್ಣದ್ದಾಯಿತು. ಪ್ರೇಕ್ಷಕನೊಬ್ಬನು ಕೊಟ್ಟ ನೂರರಲ್ಲಿಯೋ ಇನ್ನೂರರಲ್ಲಿಯೋ ರೋಗಿಗೆ ತಲುಪಿದ್ದು ತಲೆಗೆ ಮೂರೂಕಾಲು ರೂಪಾಯಿ.

ಆ ಹಣವನ್ನು ಒಯ್ದು ಕೊಡಲು ಶಿರಹಟ್ಟಿಗೆ ಹೋದಾಗ ಮಾಸ್ತರರ ಪತ್ನಿ ಕೇಳಿದರು: “ದಿವಾನಜೀ, ಮಂದಿ ಭಾಳ ಕೂಡಿತ್ತಂತ, ಖರೇ ಏನ್ರಿ?” ಖರೆ ಎಂದೆ. ಲಕೋಟೆಯನ್ನು ತೆಗೆದು ನೋಡಿದ ಬಳಿಕ ಆ ತಾಯಿ ಎರಡನೆಯ ಪ್ರಶ್ನೆಯನ್ನು ಕೇಳದೆ, ನಮಗೆ ಚಹ ಕಾಸಲು ಒಳಗೆ ಹೋದರು.

ಗದುಗಿನಿಂದ ಕೆಲವೇ ಮೈಲಿಗಳಾಚೆಗಿರುವ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರಿ ಸಂಘವನ್ನು ಸ್ಥಾಪಿಸಿದರೆಂಬುದನ್ನೂ, ಕರ್ನಾಟಕದ ಸಹಕಾರಿ ಚಳವಳಿಯು ಅಲ್ಲಿಂದ ಮೊದಲಾಯಿತೆಂಬುದನ್ನೂ ಈ ಸೀಮೆಯ ಶಾಲಾಬಾಲಕರೂ ಬಲ್ಲರು. ಆ ಹಿಂದಿನ ವರ್ಷ ಬಂದ ಕಾಯಿದೆಯ ಪ್ರಕಾರ ಹಳ್ಳಿಯ ಸಂಘಗಳ ಸದಸ್ಯರ ಹೊಣೆಗೆ ಮಿತಿಯಿರುತ್ತಿರಲಿಲ್ಲ, ಎಂದರೆ ಸಂಘಕ್ಕೆ ನಷ್ಟ ಬಂದರೆ ಎಲ್ಲರ ಹೊಲಮನೆಗಳೂ ಅದಕ್ಕೆ ಬಾಧ್ಯ. ಕಠೋರವೆಂದು ತೋರುವ ಈ ನಿಯಮದಲ್ಲಿ ಎಂಥ ವಿವೇಕವಿತ್ತೆಂಬುದು, ಲಕ್ಷ್ಮೇಶ್ವರದ ಪಾಠವಾದ ಮೇಲೆ ನನಗೆ ಹೊಳೆಯಿತು. ನಷ್ಟವು ತನ್ನ ಮನೆಯ ಬಾಗಿಲಿಗೆ ಬರುವುದೆಂದು ಅರಿತವನು ನೆರೆಯವನ ಖರ್ಚಿನ ಮೇಲೂ ಕಣ್ಣಿಡುತ್ತಾನೆ. ನಾವಾದರೋ ಕರೆದವರು ನಾವು, ಖರ್ಚು ಮಾಡಿದವರು ನಾವು, ಹಾನಿಯನ್ನು ಮಾತ್ರ ಲಕ್ವಾ ಹೊಡೆದ ಮನುಷ್ಯನ ತಲೆಗೆ ಕಟ್ಟಿದ್ದೆವು.

ಆದ್ದರಿಂದ ಮರುವರ್ಷ ಮುಂಡರಗಿಯಲ್ಲಿ ಮತ್ತೊಮ್ಮೆ ನಾಟಕವನ್ನಿಡುವ ಮಾತು ಬಂದಾಗ, ನಾವು ಐವರು ಮೊದಲು ಒಂದು ಕಾಗದ ಬರೆದು ಸಹಿಮಾಡಿದೆವು: ಟಿಕೆಟಿನ ಹಣದಲ್ಲಿ ಒಂದು ಪೈಯೂ ಖರ್ಚಿಗೆ ಹೋಗತಕ್ಕದ್ದಲ್ಲ, ಖರ್ಚಿಗೆ ಬೇರೆ ದಾತೃಗಳನ್ನು ಹುಡುಕತಕ್ಕದ್ದು, ಕೊರತೆ ಬಿದ್ದರೆ ಐವರೂ ಸಮನಾಗಿ ತುಂಬತಕ್ಕದ್ದು. ಈ ಕಾಗದದ ಪ್ರಭಾವ ಆಶ್ಚರ್ಯಕರವಾಗಿತ್ತು. ಹಿಂದಿನ ಸಲ 52,950 ಆದ ಖರ್ಚು ಈ ಸಲ 16,000ಕ್ಕೆ ಇಳಿಯಿತು: ಕಲಾವಿದರ ಪ್ರಯಾಣ ಹಾಗೂ ಊಟಕ್ಕೆ 8,000, ಸೀನರಿ ಮತ್ತು ಬೆಳಕಿಗೆ 6,000, ಕಾಗದದ ಬೆಲೆಯನ್ನಷ್ಟೇ ತೆಗೆದುಕೊಂಡ ಮುದ್ರಣಾಲಯಕ್ಕೆ 2,000. ಪೆಂಡಾಲಿನವರು ಬಾಡಿಗೆಯನ್ನೇ ಬಿಟ್ಟರು. ನಾಲ್ವರು ದಾತೃಗಳು ತಲಾ 4,000 ಕೊಟ್ಟ ಮೇಲೆಯೇ ಕರಪತ್ರ ಅಚ್ಚಿಗೆ ಹೋಯಿತು. ಆ ನಾಲ್ವರಲ್ಲಿ ಮೇಲೆ ಹೇಳಿದ ಬಾರಿನ ಮಾಲಕರೊಬ್ಬರು. ಟಿಕೆಟು ಒಂದೇ ದರ, ನೂರು, ಉದ್ರಿ ಇಲ್ಲ. 382 ಹೋದವು.

ನಿಜವಾದ ಜಮಾ ಬಂದದ್ದು ಆಯೇರಿಯಿಂದ. ನಾಟಕದ ನಡುವೆ ಮೆಚ್ಚಿದವರು ಹಣ ಕೊಡುವುದು, ಅದನ್ನು ಮೈಕಿನಲ್ಲಿ ಹೆಸರು ಹಿಡಿದು ಸಾರುವುದು ನಮ್ಮಲ್ಲಿ ರೂಢಿ. ಆ ಹಣ ಕಲಾವಿದರ ಹಕ್ಕು. ಲಕ್ಷ್ಮೇಶ್ವರದಲ್ಲಿ ಅದು ಅವರಿಗೇ ಸಂದಿತ್ತು, ಸಲ್ಲಬೇಕಾದದ್ದೂ ಹೌದು. ಮುಂಡರಗಿಗೆ ಬಂದ ಕಲಾವಿದರೊಡನೆ ಮುಂಚಿತವಾಗಿಯೇ ಮಾತಾಡಿದಾಗ, ಅನೇಕರು ಮಾಸ್ತರರ ಪೇಟಿಗೆ ಹಾಡಿದವರೇ ಆಗಿದ್ದುದರಿಂದ, ಆ ರಾತ್ರಿಯ ಆಯೇರಿಯನ್ನೆಲ್ಲ ಮಾಸ್ತರರಿಗೇ ಬಿಟ್ಟುಕೊಟ್ಟರು. ಹತ್ತು ರೂಪಾಯಿಯ ನೋಟಿನಿಂದ ಹಿಡಿದು ಐದು ಸಾವಿರದವರೆಗೆ 46,750 ಕೂಡಿತು. ಟಿಕೆಟಿನ 38,200 ಸೇರಿ ಒಟ್ಟು 84,950. ಈ ಲೆಕ್ಕವನ್ನು ಮಂಗಳಾರತಿಗೆ ಮುಂಚೆ ರಂಗದ ಮೇಲೆಯೇ ನಿಂತು ಓದಿದೆ.

ಇಂಥ ಕಾರ್ಯಕ್ಕೆ ಕೈಹಾಕುವವರು ಕಾಯಿದೆಯ ಕೆಲವು ಸಂಗತಿಗಳನ್ನು ಅರಿತಿರಬೇಕು. ನಾಟಕದ ಟಿಕೆಟು ತಲೆಗೆ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲ. ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ನಾವು ಸಂಜೆ ಆರಕ್ಕೇ ಆರಂಭಿಸಿದ್ದರಿಂದ ನಿಯಮವೂ ಪಾಲನೆಯಾಯಿತು, ನಡುರಾತ್ರಿಯ ಊಟದ ಖರ್ಚೂ ಉಳಿಯಿತು. ಕೊಟ್ಟವರು 80ಜಿ ಎಂದು ಕೇಳುವ ಆದಾಯ ತೆರಿಗೆಯ ರಿಯಾಯಿತಿಯು ನೋಂದಾಯಿತ ಸಂಸ್ಥೆಗೆ ಕೊಟ್ಟ ದಾನಕ್ಕೆ, ಅದೂ ಹಳೆಯ ಪದ್ಧತಿಯಲ್ಲಿ ತೆರಿಗೆ ತುಂಬುವವರಿಗೆ ಮಾತ್ರ. 2,000ಕ್ಕೆ ಮೀರಿದ ರೋಖು ದಾನಕ್ಕೆ ಅದೂ ಇಲ್ಲ. ವ್ಯಕ್ತಿಗೆ ನೇರವಾಗಿ ಕೊಟ್ಟುದಕ್ಕೆ ಸಿಗದೆಂದು ನಾವು ಮೊದಲೇ ಸ್ಪಷ್ಟವಾಗಿ ಹೇಳಿದೆವು. ಇನ್ನೊಂದು ಸೂಕ್ಷ್ಮ: ಬಂಧುಗಳಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಬಂದ ಹಣ 50,000 ದಾಟಿದರೆ, ದಾಟಿದ ಭಾಗವಷ್ಟೇ ಅಲ್ಲ, ಸಮಗ್ರ ಮೊತ್ತವೂ ಪಡೆದವನ ಆದಾಯವೆಂದು ಗಣನೆಯಾಗುತ್ತದೆ. ಮಾಸ್ತರರಿಗೆ ಬೇರೆ ವರಮಾನವಿಲ್ಲದ ಕಾರಣ ತೆರಿಗೆ ಬೀಳಲಿಲ್ಲ. ಮಗನ ಸಂಬಳವಿರುವ ಖಾತೆಗೆ ಹಾಕಿದ್ದರೆ ಮಾತು ಬೇರೆಯಾಗುತ್ತಿತ್ತು.

ಹಣವನ್ನು ಮಾಸ್ತರರ ಮತ್ತು ಅವರ ಪತ್ನಿಯ ಜಂಟಿ ಖಾತೆಯಲ್ಲಿಟ್ಟು, ಕೈಗೆ ವ್ಯಾಯಾಮ ಮಾಡಿಸುವವರ ಸಲುವಾಗಿಯೂ ಔಷಧಿಗಾಗಿಯೂ ತಿಂಗಳಿಗೆ 4,000ದಂತೆ ತೆಗೆಯುವುದೆಂದು ಗೊತ್ತುಮಾಡಿದೆವು. ಹದಿನೆಂಟು ತಿಂಗಳಾದವು. ಬಡ್ಡಿಯನ್ನು ಬಿಟ್ಟು ಶಿಲ್ಕು 12,950 ಇದೆ. ಮಾಸ್ತರರ ಬಲಗೈಯ ಎರಡು ಬೆರಳುಗಳು ಈಗ ಮಂದ್ರದ ಸ್ವರಗಳನ್ನು ಒತ್ತುತ್ತವೆ. ಭಾತೆಯನ್ನು ಪತ್ನಿ ಊದುತ್ತಾರೆ. ಮುಂದಿನ ನಾಟಕ ಶಿರಹಟ್ಟಿಯಲ್ಲಿಯೇ ಆಗಬೇಕೆಂದು ಊರವರ ಇಚ್ಛೆ. ಖರ್ಚಿನ ನಾಲ್ವರು ದಾತೃಗಳಲ್ಲಿ ಮೂವರು ಸಿಕ್ಕಿದ್ದಾರೆ. ನಾಲ್ಕನೆಯವರು ಒಪ್ಪುವವರೆಗೆ ಕರಪತ್ರದ ಮೇಲಿನ ತಾರೀಖನ್ನು ಬಿಟ್ಟಿಟ್ಟಿದ್ದೇನೆ.