ಬೆಳಕಿಲ್ಲದೆ ಮೂಡುವ ಹಳೆಯ ಚಿತ್ರ

ನಮ್ಮಲ್ಲಿ ಅನೇಕರ ನಡುಮನೆಯ ಗೋಡೆಯ ಮೇಲೆ ಮುತ್ತಜ್ಜಿಯ ಭಾವಚಿತ್ರವೊಂದು ತೂಗುತ್ತಿರುತ್ತದೆ. ಕುರ್ಚಿಯಲ್ಲಿ ಬಿಗಿಯಾಗಿ ಕುಳಿತ ಭಂಗಿ, ನಗೆಯಿಲ್ಲದ ಮುಖ, ಕಂದು ಬಣ್ಣಕ್ಕೆ ತಿರುಗಿದ ಕಾಗದ. ಆ ಹಣೆಯ ಕುಂಕುಮವನ್ನು ಎಂದಾದರೂ ಗಮನಿಸಿದ್ದೀರಾ? ಅದು ಕೆಂಪಾಗಿತ್ತೆಂದು ನಾವು ಬಲ್ಲೆವು. ಆದರೆ ಚಿತ್ರದಲ್ಲಿ ಅದು ಕಾಡಿಗೆಯಷ್ಟು ಕಪ್ಪಾಗಿದೆ. ಹೀಗಾಗಲು ಕಾರಣವೇನು?

ಇಂದು ಕೃತಕ ಬುದ್ಧಿಮತ್ತೆಯ ಚಿತ್ರಸಾಧನಗಳು ವಿದ್ಯಾರ್ಥಿಗಳ ಕೈಗೂ ಎಟುಕಿವೆ. ಬೇಕಾದುದನ್ನು ಮಾತಿನಲ್ಲಿ ಬರೆದು ತಿಳಿಸಿದರೆ ಯಂತ್ರವು ಕೆಲವೇ ಕ್ಷಣಗಳಲ್ಲಿ ಚಿತ್ರವನ್ನು ಒಪ್ಪಿಸುತ್ತದೆ. ಹೊಸಬರು ಸಾಮಾನ್ಯವಾಗಿ “ಹಳೆಯ ಕಾಲದ ಛಾಯಾಚಿತ್ರ” ಎಂದಷ್ಟೇ ಬರೆಯುತ್ತಾರೆ. ಆಗ ಅನೇಕ ವೇಳೆ ದೊರೆಯುವುದು ಇಂದಿನ ಮುಖವೊಂದಕ್ಕೆ ಕಂದು ಬಣ್ಣ ಬಳಿದು, ನಾಲ್ಕು ಗೀರು ಎಳೆದ ವೇಷ ಮಾತ್ರ. ಹಳೆಯತನವೆಂಬುದು ಮೇಲೆ ಬಳಿಯುವ ಬಣ್ಣವಲ್ಲ. ಅದು ಬೆಳಕು, ಗಾಜು, ಲವಣ ಮತ್ತು ಕಾಲಗಳ ಪರಿಣಾಮ. ಈ ಕಾರಣಗಳನ್ನು ಅರಿತವನೇ ಯಂತ್ರಕ್ಕೆ ಸರಿಯಾದ ಸೂಚನೆಯನ್ನು ಕೊಡಬಲ್ಲನು.

ಯಂತ್ರವು ಚಿತ್ರ ಬರೆಯುವ ಬಗೆ

ಲೋಟದ ನೀರಿನಲ್ಲಿ ಒಂದು ತೊಟ್ಟು ಶಾಯಿಯನ್ನು ಬಿಡೋಣ. ಶಾಯಿ ಮೆಲ್ಲಮೆಲ್ಲನೆ ಹರಡಿ, ಕೊನೆಗೆ ನೀರೆಲ್ಲ ಒಂದೇ ಬಣ್ಣವಾಗುತ್ತದೆ. ಇದಕ್ಕೆ ವಿಸರಣೆ ಎಂದು ಹೆಸರು. ಹರಡಿದ ಶಾಯಿ ತಾನಾಗಿಯೇ ಮತ್ತೆ ತೊಟ್ಟಾಗುವುದನ್ನು ಯಾರೂ ಕಂಡಿಲ್ಲ. ಆದರೆ ಹರಡುವಿಕೆಯ ಪ್ರತಿಯೊಂದು ಸಣ್ಣ ಹೆಜ್ಜೆಯನ್ನೂ ಹಿಂದಕ್ಕೆ ತಿರುಗಿಸುವುದನ್ನು ಗಣಕಯಂತ್ರಕ್ಕೆ ಕಲಿಸಲು ಸಾಧ್ಯವಾದರೆ? ಸೋಲ್-ಡಿಕ್ಸ್ಟೀನ್ ಮತ್ತು ಅವರ ಸಂಗಡಿಗರು 2015ರಲ್ಲಿ ಉಷ್ಣಗತಿವಿಜ್ಞಾನದಿಂದ ಎರವಲು ಪಡೆದು ಮುಂದಿಟ್ಟ ವಿಚಾರವು ಇದೇ. 2020ರಿಂದೀಚೆಗೆ ಅದು ಬಲು ಬೇಗ ಬೆಳೆಯಿತು. 2022ರಲ್ಲಿ ಸ್ಟೇಬಲ್ ಡಿಫ್ಯೂಷನ್ ಎಂಬ ಸಾಧನವು ಎಲ್ಲರ ಬಳಕೆಗೂ ಬಂದಿತು.

ಇಂದಿನ ಅನೇಕ ಸಾಧನಗಳು ಕಲಿಯುವುದು ಹೀಗೆ: ವಿವರಣೆಯೊಡನೆ ಕೂಡಿದ ಕೋಟ್ಯಂತರ ಚಿತ್ರಗಳನ್ನು ಯಂತ್ರಕ್ಕೆ ಒದಗಿಸುತ್ತಾರೆ. ಪ್ರತಿ ಚಿತ್ರಕ್ಕೂ ಗೊತ್ತುಗುರಿಯಿಲ್ಲದ ಚುಕ್ಕೆಗಳನ್ನು ಬೆರೆಸಿ, ಬೆರೆತ ಚುಕ್ಕೆಗಳು ಯಾವುವೆಂದು ಊಹಿಸುವುದನ್ನು ಕಲಿಸುತ್ತಾರೆ. ಕಲಿತ ಯಂತ್ರವು ಬರಿಯ ಚುಕ್ಕೆಗಳ ಗೊಂದಲದಿಂದ ಆರಂಭಿಸಿ, ನಮ್ಮ ಮಾತಿನ ಸೂಚನೆಯನ್ನು ಅನುಸರಿಸುತ್ತ, ಹೆಜ್ಜೆಹೆಜ್ಜೆಗೂ ಗೊಂದಲವನ್ನು ಕಳೆಯುತ್ತ ಹೋಗುತ್ತದೆ. ಕೊನೆಗೆ ಚಿತ್ರ ಉಳಿಯುತ್ತದೆ. ಇಲ್ಲಿ ಒಂದು ಮಾತನ್ನು ಮರೆಯಲಾಗದು. ಯಂತ್ರವು ಕಲಿತಿರುವುದು ಹಳೆಯ ಚಿತ್ರಗಳ ತೋರಿಕೆಯನ್ನು. ಆ ತೋರಿಕೆಯ ಕಾರಣಗಳನ್ನಲ್ಲ. ಕಾರಣಗಳನ್ನು ನಾವೇ ಒದಗಿಸಬೇಕು.

ಹಳೆಯತನದ ನಾಲ್ಕು ಕಾರಣಗಳು

ಮೊದಲನೆಯದು ಲವಣದ ಸಂವೇದನೆ. ಹಿಂದಿನ ಗಾಜಿನ ಫಲಕಗಳ ಮೇಲೆ ಲೇಪಿಸುತ್ತಿದ್ದ ಬೆಳ್ಳಿಯ ಲವಣಗಳು ನೇರಿಳೆ ಮತ್ತು ನೀಲಿ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿದ್ದವು, ಕೆಂಪಿಗೆ ಕುರುಡಾಗಿದ್ದವು. ಕುಂಕುಮವು ಕೆಂಪನ್ನು ಪ್ರತಿಫಲಿಸಿ ನೀಲಿಯನ್ನು ಹೀರುತ್ತದೆ. ಆದುದರಿಂದ ಫಲಕದ ಪಾಲಿಗೆ ಅಲ್ಲಿಂದ ಬೆಳಕೇ ಬರಲಿಲ್ಲ, ಕುಂಕುಮ ಕಪ್ಪಾಯಿತು. ಇದೇ ಕಾರಣದಿಂದ ನೀಲಿಯ ಆಕಾಶವು ಮೋಡದ ಸುಳಿವೂ ಇಲ್ಲದೆ ಬೆಳ್ಳಗಾಯಿತು. ನಮ್ಮವರ ಗೋಧಿ ಮೈಬಣ್ಣವು ಇದ್ದುದಕ್ಕಿಂತ ಕಪ್ಪಾಗಿ ಮೂಡಿತು. 1873ರಲ್ಲಿ ಜರ್ಮನಿಯ ಹೆರ್ಮನ್ ಫೋಗೆಲ್ ಎಂಬ ವಿಜ್ಞಾನಿಯು ಲೇಪಕ್ಕೆ ತಕ್ಕ ವರ್ಣದ್ರವ್ಯವನ್ನು ಬೆರೆಸಿದರೆ ಹಸುರಿಗೂ ಅದು ಸ್ಪಂದಿಸುವುದೆಂದು ಕಂಡುಹಿಡಿದನು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕಗಳು ಮಾರುಕಟ್ಟೆಗೆ ಬಂದುದು 20ನೆಯ ಶತಮಾನದ ಆರಂಭದಲ್ಲಿ.

ಎರಡನೆಯದು ಬೆಳಕಿಗೆ ಒಡ್ಡುವ ಕಾಲ. 1838ರಲ್ಲಿ ದಾಗೆರ್ ಪ್ಯಾರಿಸ್ಸಿನ ಬೀದಿಯೊಂದನ್ನು ಚಿತ್ರಿಸಿದಾಗ ಫಲಕವನ್ನು ನಿಮಿಷಗಟ್ಟಲೆ ತೆರೆದಿಡಬೇಕಾಯಿತು. ಗಾಡಿಗಳು, ಜನರು ಎಲ್ಲರೂ ಚಲಿಸುತ್ತಿದ್ದುದರಿಂದ ಅವರ ಗುರುತೇ ಉಳಿಯಲಿಲ್ಲ. ಬೂಟಿಗೆ ಪಾಲಿಷ್ ಹಾಕಿಸುತ್ತ ಒಂದೆಡೆ ನಿಂತಿದ್ದ ಒಬ್ಬಾತ ಮಾತ್ರ ಬರಿದಾದ ಬೀದಿಯಲ್ಲಿ ಸ್ಪಷ್ಟವಾಗಿ ಉಳಿದನು. 1851ರಲ್ಲಿ ಬಂದ ಕೊಲೋಡಿಯನ್ ವಿಧಾನವು ಈ ಕಾಲವನ್ನು ಕೆಲವು ಸೆಕೆಂಡುಗಳಿಗೆ ಇಳಿಸಿತು. ಆದರೂ ಅಷ್ಟು ಹೊತ್ತು ನಗೆಯನ್ನು ಕದಲದಂತೆ ಹಿಡಿದಿಡುವುದು ಸುಲಭವಲ್ಲ.

ಮೂರನೆಯದು ಮಸೂರ. 1840ರಲ್ಲಿ ಪೆಟ್ಸ್ವಾಲ್ ರಚಿಸಿದ ಭಾವಚಿತ್ರದ ಮಸೂರವು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತಿತ್ತು. ಆದರೆ ಅದರ ಬಿಂಬವು ಸಮತಲದ ಮೇಲಲ್ಲದೆ ಬಾಗಿದ ತಲದ ಮೇಲೆ ಮೂಡುತ್ತಿತ್ತು. ಫಲಕವೋ ಚಪ್ಪಟೆ. ಆದುದರಿಂದ ನಡುವಿನ ಮುಖ ಸ್ಪಷ್ಟ, ಅಂಚು ಮಸುಕು.

ನಾಲ್ಕನೆಯದು ಕಾಗದ ಮತ್ತು ಕಾಲ. ಮೊಟ್ಟೆಯ ಬಿಳಿಯನ್ನು ಲೇಪಿಸಿ ಮಾಡಿದ ಕಾಗದದ ಬಿಳಿಯ ಭಾಗಗಳು ವರ್ಷಗಳು ಕಳೆದಂತೆ ಹಳದಿಯಾಗುತ್ತವೆ. ಕಂದು ಬಣ್ಣವೆಲ್ಲ ಮುಪ್ಪಿನ ಗುರುತೆಂದು ತಿಳಿಯುವುದು ಮಾತ್ರ ತಪ್ಪು. ಚಿತ್ರದ ಬೆಳ್ಳಿಯನ್ನು ಬೆಳ್ಳಿಯ ಸಲ್ಫೈಡಾಗಿ ಮಾರ್ಪಡಿಸಿ, ಬೇಕೆಂದೇ ಕಂದಾಗಿಸುವ ಪದ್ಧತಿಯೂ ಇತ್ತು. ಅಂಥ ಚಿತ್ರ ಹೆಚ್ಚು ಕಾಲ ಬಾಳುತ್ತಿತ್ತು.

ಸೂಚನೆಯನ್ನು ಬರೆಯುವ ಕ್ರಮ

ಈಗ ಸೂಚನೆಯನ್ನು ಬರೆಯೋಣ. ವಿಷಯ, ವರ್ಷ, ಫಲಕ, ಬೆಳಕು, ಮಸೂರ, ಕಾಗದ ಎಂಬ ಕ್ರಮವನ್ನು ಹಿಡಿದರೆ ಸಾಕು. ಉದಾಹರಣೆಗೆ: “ಕುರ್ಚಿಯಲ್ಲಿ ಕುಳಿತ ಮಧ್ಯವಯಸ್ಸಿನ ಹೆಂಗಸು, ಸುಮಾರು 1885ರ ಸ್ಟುಡಿಯೊ, ನೀಲಿಗೆ ಮಾತ್ರ ಸ್ಪಂದಿಸುವ ಗಾಜಿನ ಫಲಕ, ಹಣೆಯ ಕುಂಕುಮ ಕಪ್ಪು, ಎಡಗಡೆಯ ದೊಡ್ಡ ಕಿಟಕಿಯಿಂದ ಮೃದುವಾದ ಬೆಳಕು, ಕೈಯ ಬೀಸಣಿಗೆ ಅಲುಗಿ ಮಸುಕಾಗಿದೆ, ಪೆಟ್ಸ್ವಾಲ್ ಮಸೂರ, ಅಂಚು ಮಸುಕು, ಆಲ್ಬುಮೆನ್ ಕಾಗದ, ಬಿಳಿಯ ಭಾಗಗಳು ತಿಳಿಹಳದಿ.” ಇಲ್ಲಿ “ಹಳೆಯ” ಎಂಬ ಪದವೇ ಇಲ್ಲವೆಂಬುದನ್ನು ಗಮನಿಸಿರಿ.

ಮೊದಲ ಚಿತ್ರ ಸರಿಬಾರದಿದ್ದರೆ ಎಲ್ಲವನ್ನೂ ಒಮ್ಮೆಗೇ ಬದಲಾಯಿಸಬಾರದು. ಓಮನ ನಿಯಮವನ್ನು ಪರೀಕ್ಷಿಸುವಾಗ ನಾವು ತಂತಿಯ ಉಷ್ಣತೆಯನ್ನು ಸ್ಥಿರವಾಗಿಟ್ಟು ವಿಭವಾಂತರವನ್ನು ಮಾತ್ರ ಬದಲಾಯಿಸುತ್ತೇವಷ್ಟೆ. ಹಾಗೆಯೇ ಇಲ್ಲಿ ಒಂದು ಸಲಕ್ಕೆ ಒಂದು ಪದವನ್ನು ಮಾತ್ರ ಬದಲಾಯಿಸಿರಿ. ಕೆಲವು ಸಾಧನಗಳಲ್ಲಿ ಆರಂಭದ ಗೊಂದಲವನ್ನು ನಿರ್ಧರಿಸುವ ಸಂಖ್ಯೆಯೊಂದಿದೆ. ಅದನ್ನು ಸೀಡ್ ಎನ್ನುತ್ತಾರೆ. ಅದನ್ನು ಸ್ಥಿರವಾಗಿಟ್ಟರೆ ಯಾವ ಪದದಿಂದ ಯಾವ ಪರಿಣಾಮವಾಯಿತೆಂಬುದು ತಿಳಿಯುತ್ತದೆ.

ಬಂದ ಚಿತ್ರವನ್ನು ಪರೀಕ್ಷಿಸಲು ಒಂದು ಸುಲಭ ಪ್ರಯೋಗವಿದೆ. ಕುಂಕುಮವಿಟ್ಟವರೊಬ್ಬರನ್ನು ತಿಳಿಯಾದ ಆಕಾಶದ ಕೆಳಗೆ ನಿಲ್ಲಿಸಿ, ಮೊಬೈಲಿನಿಂದ ಬಣ್ಣದ ಚಿತ್ರವನ್ನು ತೆಗೆಯಿರಿ. ಚಿತ್ರ ತಿದ್ದುವ ತಂತ್ರಾಂಶದಲ್ಲಿ ಕೆಂಪು, ಹಸುರು, ನೀಲಿ ಭಾಗಗಳನ್ನು ಬೇರ್ಪಡಿಸಿರಿ. ಕೆಂಪಿನ ಭಾಗದಲ್ಲಿ ಕುಂಕುಮ ಬೆಳ್ಳಗೂ ಆಕಾಶ ಕಪ್ಪಗೂ ಇರುತ್ತವೆ. ನೀಲಿಯ ಭಾಗದಲ್ಲಿ ಇದು ತಿರುವುಮುರುವು. ಹಳೆಯ ಫಲಕವು ಲೋಕವನ್ನು ಕಂಡುದು ಸುಮಾರಾಗಿ ಈ ನೀಲಿಯ ಕಣ್ಣಿನಿಂದ. ಯಂತ್ರದ ಚಿತ್ರವನ್ನು ಇದರೊಡನೆ ಹೋಲಿಸಿರಿ. ಚರಿತ್ರೆಯನ್ನೂ ಒರೆಗೆ ಹಚ್ಚಿರಿ: ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು 1905ರಲ್ಲಿ, 1885ರ ಬೆಂಗಳೂರಿನ ಬೀದಿಯಲ್ಲಿ ಯಂತ್ರವು ಅದನ್ನು ನೆಟ್ಟಿದ್ದರೆ ಚಿತ್ರವು ಸುಳ್ಳು.

ಕೊನೆಯ ಹೆಜ್ಜೆ

ಇಷ್ಟೆಲ್ಲ ಸರಿಯಾದ ಮೇಲೆಯೇ ನಿಜವಾದ ತೊಡಕು ಆರಂಭವಾಗುತ್ತದೆ. ಒಮ್ಮೆ ನಮ್ಮ ವಿಭಾಗದ ವಸ್ತುಪ್ರದರ್ಶನದಲ್ಲಿ ವಿದ್ಯಾರ್ಥಿಗಳು ಹೀಗೆ ಮಾಡಿದ ಚಿತ್ರವೊಂದನ್ನು ತೂಗುಹಾಕಿದ್ದರು: ಕಾಲೇಜಿನ ಮೆಟ್ಟಿಲ ಮೇಲೆ ಸಾಲಾಗಿ ನಿಂತ ಹಳೆಯ ವಿದ್ಯಾರ್ಥಿಗಳು. ಅದರ ಕೆಳಗೆ ವಿವರಣೆ ಇರಲಿಲ್ಲ. ವೃದ್ಧರೊಬ್ಬರು ಬಹಳ ಹೊತ್ತು ಅದರ ಮುಂದೆ ನಿಂತಿದ್ದು, “ನಮ್ಮ ತಂದೆಯವರು ಇಲ್ಲಿಯೇ ಓದಿದ್ದು. ಇವರಲ್ಲಿ ಅವರು ಯಾರಿರಬಹುದು, ಮೇಷ್ಟ್ರೇ?” ಎಂದು ಕೇಳಿದರು. ಅವರಿಗೆ ನಿಜವನ್ನು ತಿಳಿಸಿದಾಗ ನಾವು ಪಟ್ಟ ನಾಚಿಕೆಯನ್ನು ಇಂದಿಗೂ ಮರೆತಿಲ್ಲ. ತಪ್ಪು ಯಂತ್ರದ್ದಲ್ಲ, ವಿದ್ಯಾರ್ಥಿಗಳದ್ದೂ ಅಲ್ಲ. ಚೀಟಿಯನ್ನು ಅಂಟಿಸಲು ಹೇಳದಿದ್ದ ನಮ್ಮದು.

ಅನುಭವಿಗಳೂ ಇಲ್ಲಿ ಎಡವುತ್ತಾರೆ. 2023ರಲ್ಲಿ ಜರ್ಮನಿಯ ಕಲಾವಿದ ಬೋರಿಸ್ ಎಲ್ಡಾಗ್ಸೆನ್, ಹಿಂದಿನ ಕಾಲದ ಕಪ್ಪು-ಬಿಳುಪಿನ ಶೈಲಿಯಲ್ಲಿ ಯಂತ್ರದಿಂದ ಮಾಡಿಸಿದ ಇಬ್ಬರು ಹೆಂಗಸರ ಚಿತ್ರವನ್ನು ಸೋನಿ ವಿಶ್ವ ಛಾಯಾಚಿತ್ರ ಸ್ಪರ್ಧೆಗೆ ಕಳುಹಿಸಿದರು. ಒಂದು ವಿಭಾಗದಲ್ಲಿ ಅದಕ್ಕೆ ಬಹುಮಾನ ಬಂದಿತು. ಅದು ಛಾಯಾಚಿತ್ರವಲ್ಲವೆಂದು ಹೇಳಿ ಅವರು ಬಹುಮಾನವನ್ನು ನಿರಾಕರಿಸಿದರು.

ಛಾಯಾಚಿತ್ರವು ಬೆಳಕಿನ ಸಾಕ್ಷ್ಯ. ಮುತ್ತಜ್ಜಿಯ ಮುಖದಿಂದ ಹೊರಟ ಬೆಳಕೇ ಆ ಫಲಕವನ್ನು ಮುಟ್ಟಿತ್ತು; ಕುಂಕುಮದಿಂದ ಬಾರದಿದ್ದ ಬೆಳಕೂ ಅಲ್ಲಿ ಕಪ್ಪಾಗಿ ದಾಖಲೆಯಾಯಿತು. ಯಂತ್ರದ ಚಿತ್ರವನ್ನು ಮುಟ್ಟಿದ ಬೆಳಕು ಯಾರ ಮುಖದ್ದೂ ಅಲ್ಲ. ಅದು ಕಲಿಕೆಗೆ, ಕಥೆಗೆ, ನಾಟಕದ ಪರದೆಗೆ ಉಪಯುಕ್ತವಾದೀತು, ಸಾಕ್ಷ್ಯವಾಗಲಾರದು. ಆದುದರಿಂದ ನಿಮ್ಮ ಚಿತ್ರದ ಅಂಚಿನಲ್ಲಿ, ಮಸುಕಾಗದ ಅಕ್ಷರಗಳಲ್ಲಿ, “ಕೃತಕ ಬುದ್ಧಿಮತ್ತೆಯಿಂದ ರಚಿಸಿದುದು” ಎಂದೂ ರಚಿಸಿದ ವರ್ಷವನ್ನೂ ತಪ್ಪದೆ ಬರೆಯಿರಿ. ಈ ಪಾಠದಲ್ಲಿ ಯಂತ್ರಕ್ಕೆ ಬಿಡಬಾರದ ಹೆಜ್ಜೆ ಇದೊಂದೇ.