ಕನ್ನಡಕ ತೆಗೆಸುವ ಮುನ್ನ, ತೆಗೆಸಿದ ಮೇಲೆ

ಪ್ರಶ್ನೆ: ನನಗೆ 23 ವರ್ಷ. ಎರಡೂ ಕಣ್ಣಿಗೆ ಮೈನಸ್ 6 ಪವರ್ ಇದೆ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ‘ಸೋಡಾಬುಡ್ಡಿ ಹಾಕಿಕೊಂಡು ಕೂತರೆ ಯಾರು ಒಪ್ಪುತ್ತಾರೆ, ಲೇಸರ್ ಮಾಡಿಸಿಬಿಡು’ ಎಂದು ಅಮ್ಮನ ಒತ್ತಾಯ. ಒಂದು ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿ, ಕಾರ್ನಿಯಾ ದಪ್ಪ 480 ಮೈಕ್ರಾನ್ ಅಷ್ಟೇ ಇದೆ, ಆಕಾರವೂ ಸಮ ಇಲ್ಲ, ಬೇಡ ಎಂದರು. ಇನ್ನೊಂದು ಕಡೆ ಫೋನಿನಲ್ಲಿ ವಿಚಾರಿಸಿದರೆ, ಹೊಸ ಮಷಿನ್ ಬಂದಿದೆ, ಬನ್ನಿ ಮಾಡೋಣ ಎಂದರು. ಯಾರನ್ನು ನಂಬಲಿ? ಚಿಕ್ಕಂದಿನಿಂದ ಅಲರ್ಜಿ ಇದೆ, ಕಣ್ಣು ತುಂಬ ತುರಿಸುತ್ತದೆ.
— ಹೆಸರು ಬೇಡ, ದಾವಣಗೆರೆ

ಉತ್ತರ: ಬೇಡ ಎಂದವರನ್ನು ನಂಬಿ. ಅವರು ನಿಮ್ಮ ಕಣ್ಣು ನೋಡಿ ಹೇಳಿದ್ದಾರೆ, ಇನ್ನೊಬ್ಬರು ನೋಡದೆಯೇ ಹೇಳಿದ್ದಾರೆ.

ಕಾರ್ನಿಯಾ ಎಂದರೆ ಕಣ್ಣಿನ ಮುಂಭಾಗದ ಗಾಜಿನಂಥ ಪದರ. ಅದರ ನಡುಭಾಗದ ದಪ್ಪ ಸಾಮಾನ್ಯವಾಗಿ 540 ಮೈಕ್ರಾನ್ ಆಸುಪಾಸು, ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಲ್ಯಾಸಿಕ್ ಎಂಬ ಲೇಸರ್ ಚಿಕಿತ್ಸೆಯಲ್ಲಿ ಮೊದಲು ಸುಮಾರು 110 ಮೈಕ್ರಾನ್ ದಪ್ಪದ ಫ್ಲ್ಯಾಪ್ ಎಂಬ ಮುಚ್ಚಳ ಎಬ್ಬಿಸುತ್ತಾರೆ. ಅದರ ಕೆಳಗೆ ಒಂದೊಂದು ಪವರಿಗೆ 12ರಿಂದ 15 ಮೈಕ್ರಾನ್‌ನಷ್ಟು ಲೇಸರ್ ಸವೆಸುತ್ತದೆ. ನಿಮ್ಮ ಲೆಕ್ಕ ಹಾಕಿ ನೋಡಿ. 480ರಲ್ಲಿ ಮುಚ್ಚಳಕ್ಕೆ 110 ಹೋಯಿತು, ಆರು ಪವರಿಗೆ 90ರವರೆಗೂ ಹೋಗಬಹುದು. ತಳದಲ್ಲಿ ಉಳಿಯುವುದು 280. 250 ಉಳಿದರೆ ಸಾಕೆಂಬುದು ಹಳೆಯ ರೂಢಿ. 300 ಆದರೂ ಇರಲಿ ಎನ್ನುವ ಸರ್ಜನ್‌ಗಳು ಈಗ ಅನೇಕರು. ಮುಚ್ಚಳವನ್ನು ವಾಪಸ್ ಹೊದಿಸುತ್ತಾರಲ್ಲ ಎನ್ನಬಹುದು. ಅದು ಮೇಲೆ ಕೂರುತ್ತದೆಯೇ ಹೊರತು ಕಣ್ಣಿಗೆ ಮೊದಲಿನ ಬಲ ಕೊಡುವುದಿಲ್ಲ.

ದಪ್ಪಕ್ಕಿಂತಲೂ ನನ್ನನ್ನು ಕಾಡಿದ್ದು ‘ಆಕಾರ ಸಮ ಇಲ್ಲ’ ಎಂಬ ಮಾತು. ಟೋಪೋಗ್ರಫಿ ಪರೀಕ್ಷೆಯಲ್ಲಿ ಕಾರ್ನಿಯಾದ ಉಬ್ಬುತಗ್ಗುಗಳ ನಕ್ಷೆ ಬರುತ್ತದೆ. ಅದರಲ್ಲಿ ಕೆಳಭಾಗ ಉಬ್ಬಿ ಕಂಡರೆ ಕೆರಟೋಕೋನಸ್ ಶುರುವಾಗಿರಬಹುದು. ಕಾರ್ನಿಯಾ ಮೆಲ್ಲಗೆ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಚಾಚುವ ಕಾಯಿಲೆ ಅದು. ಅಂಥ ಕಣ್ಣನ್ನು ಇನ್ನಷ್ಟು ಸವೆಸಿದರೆ, ಸವೆದ ಸೈಕಲ್ ಟ್ಯೂಬು ಗಾಳಿ ಹೊಡೆದಾಗ ಒಂದೇ ಕಡೆ ಉಬ್ಬುವ ಹಾಗೆ, ಕಣ್ಣಿನೊಳಗಿನ ಒತ್ತಡಕ್ಕೆ ಕಾರ್ನಿಯಾ ಉಬ್ಬುತ್ತಾ ಹೋಗುತ್ತದೆ. ಕೆಲವರಿಗೆ ತಿಂಗಳುಗಳಲ್ಲಿ, ಕೆಲವರಿಗೆ ವರ್ಷಗಳ ನಂತರ ದೃಷ್ಟಿ ಕಲಸಿಹೋಗುತ್ತದೆ. ಆಗ ಮಾಮೂಲಿ ಕನ್ನಡಕ ಹಾಕಿದರೂ ಸ್ಪಷ್ಟವಾಗಿ ಕಾಣುವುದಿಲ್ಲ. ಆ ಸ್ಥಿತಿಯಲ್ಲಿ ಬಂದವರ ಎದುರು ಕೂತು ಮಾತಾಡುವುದು ನನ್ನ ವೃತ್ತಿಯಲ್ಲಿ ಅತಿ ಕಷ್ಟದ ಗಳಿಗೆ. ಯಾವ ಹೊಸ ಮಷಿನ್ನೂ ತೆಳ್ಳಗಿನ ಕಾರ್ನಿಯಾವನ್ನು ದಪ್ಪ ಮಾಡುವುದಿಲ್ಲ.

ಕಣ್ಣು ಉಜ್ಜುವುದನ್ನು ಇವತ್ತೇ ಬಿಡಿ. ಈ ಕಾಯಿಲೆ ಹೆಚ್ಚಲು ಉಜ್ಜುವುದು ದೊಡ್ಡ ಕಾರಣ, ಆದ್ದರಿಂದ ಅಲರ್ಜಿಗೆ ಮೊದಲು ಔಷಧಿ ತಗೊಳ್ಳಿ. ಆರು ತಿಂಗಳಿಗೊಮ್ಮೆ ಅದೇ ನಕ್ಷೆ ತೆಗೆಸಿ ಹಳೆಯದರ ಪಕ್ಕ ಇಟ್ಟು ನೋಡಲು ಹೇಳಿ. ಉಬ್ಬು ಹೆಚ್ಚುತ್ತಿದ್ದರೆ ಸಿ3ಆರ್ ಎಂಬ ಚಿಕಿತ್ಸೆಯಿದೆ. ರೈಬೋಫ್ಲೇವಿನ್ ಹನಿ ಹಾಕಿ ಅತಿನೇರಳೆ ಬೆಳಕು ಬಿಟ್ಟು ಕಾರ್ನಿಯಾ ಗಟ್ಟಿ ಮಾಡುತ್ತಾರೆ. ಅದು ಇರುವ ದೃಷ್ಟಿ ಉಳಿಸಿಕೊಳ್ಳಲು, ಕನ್ನಡಕ ಬಿಡಿಸಲಿಕ್ಕಲ್ಲ. ವರ್ಷಗಟ್ಟಲೆ ಬದಲಾವಣೆ ಇಲ್ಲದಿದ್ದರೆ, ಕಾರ್ನಿಯಾ ಸವೆಸದೆ ಕಣ್ಣಿನೊಳಗೇ ಲೆನ್ಸ್ ಇಡುವ ಐಸಿಎಲ್ ಬಗ್ಗೆ ಕೇಳಬಹುದು.

ಅಮ್ಮನಿಗೆ ನನ್ನದೊಂದು ಮಾತು ಓದಿ ಹೇಳಿ. ಲೇಸರ್ ಕಾರ್ನಿಯಾದ ಮೇಲೆ ಕೆಲಸ ಮಾಡುತ್ತದೆ, ಉದ್ದವಾಗಿ ಬೆಳೆದ ಕಣ್ಣುಗುಡ್ಡೆಯನ್ನು ಗಿಡ್ಡ ಮಾಡುವುದಿಲ್ಲ. ಮಕ್ಕಳಿಗೆ ಸಮೀಪದೃಷ್ಟಿ ಬರುವ ಸಾಧ್ಯತೆ, ಒಳಗಿನ ರೆಟಿನಾ ಹರಿಯುವ ಅಪಾಯ ಎರಡೂ ಮೊದಲಿನಷ್ಟೇ ಇರುತ್ತವೆ. ಮದುವೆಯ ಮಾತುಕತೆಯಲ್ಲಿ ಕನ್ನಡಕವನ್ನು ಮುಚ್ಚಿಡುವ ಅಗತ್ಯವೇ ಇಲ್ಲ. ಹೈ ಇಂಡೆಕ್ಸ್ ಗಾಜು, ಚಿಕ್ಕ ಫ್ರೇಮು ಆರಿಸಿದರೆ ಮೈನಸ್ 6 ಕೂಡ ತೆಳ್ಳಗೆ ಕೂರುತ್ತದೆ.

ಪ್ರಶ್ನೆ: ನಾನು ಟೈಲರ್, ವಯಸ್ಸು 44. ಇಷ್ಟು ದಿನ ಕನ್ನಡಕವೇ ಬೇಕಿರಲಿಲ್ಲ. ಈಗ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ. ಲೇಸರ್ ಮಾಡಿಸಲೇ?
— ಓದುಗರು, ರಾಣೆಬೆನ್ನೂರು

ಉತ್ತರ: ಬೇಡ. ಇದು ಚಾಳೀಸು. ನಲವತ್ತಕ್ಕೆ ಬರುತ್ತದೆಂದೇ ಆ ಹೆಸರು. ಕಣ್ಣಿನೊಳಗಿನ ಲೆನ್ಸ್ ಬಿರುಸಾಗಿ, ಹತ್ತಿರದ್ದಕ್ಕೆ ಹೊಂದಿಕೊಳ್ಳುವ ಗುಣ ಕಳೆದುಕೊಂಡಿದೆ. ಕಾರ್ನಿಯಾದಲ್ಲಿ ತಪ್ಪಿಲ್ಲ. ಹೊಲಿಗೆ ಮಷಿನ್ ಎಷ್ಟು ದೂರದಲ್ಲಿರುತ್ತದೆಂದು ಅಳೆದುಕೊಂಡು ಹೋಗಿ, ಆ ದೂರಕ್ಕೇ ಕನ್ನಡಕ ಬರೆಸಿಕೊಳ್ಳಿ. ಹೋದಾಗ ಕಣ್ಣಿನ ಒತ್ತಡ ಮತ್ತು ಸಕ್ಕರೆ ಕಾಯಿಲೆ ಎರಡನ್ನೂ ಪರೀಕ್ಷಿಸಿಕೊಳ್ಳಿ.

ಪ್ರಶ್ನೆ: ಮೊಮ್ಮಗನಿಗೆ 19. ಕಬಡ್ಡಿ ಆಡುತ್ತಾನೆ. ಪವರ್ ಮೈನಸ್ 3, ಹೋದ ವರ್ಷ ಮೈನಸ್ 2.25 ಇತ್ತು. ಲ್ಯಾಸಿಕ್ ಮಾಡಿಸಿಕೊಂಡು ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕುತ್ತಾನಂತೆ. ಲೇಸರ್ ಅಂದರೆ ಕಣ್ಣು ಸುಡುವುದಲ್ಲವೇ? ನನಗೆ ಹೆದರಿಕೆ.
— ಒಬ್ಬ ಅಜ್ಜಿ, ಮಂಡ್ಯ

ಉತ್ತರ: ಸುಡುವುದಿಲ್ಲ ಅಜ್ಜಿ. ಇದರಲ್ಲಿ ಬಳಸುವ ಎಕ್ಸೈಮರ್ ಲೇಸರ್ ಅತಿನೇರಳೆ ಬೆಳಕು. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋದ ರಂಗಸ್ವಾಮಿ ಶ್ರೀನಿವಾಸನ್ 1981ರಲ್ಲಿ ಐಬಿಎಂ ಪ್ರಯೋಗಾಲಯಕ್ಕೆ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡು ತಂದು, ಅದರ ಮೇಲೆ ಈ ಲೇಸರ್ ಬಿಟ್ಟು ನೋಡಿದರು. ಬೆಳಕು ಬಿದ್ದಲ್ಲಿ ಮಾತ್ರ ಅಚ್ಚುಕಟ್ಟಾಗಿ ಕೊರೆದಿತ್ತು, ಪಕ್ಕದ ಮಾಂಸ ಕರಕಲಾಗಿರಲಿಲ್ಲ. ಕಣ್ಣಿನ ಈ ಚಿಕಿತ್ಸೆಗೆ ಅದೇ ಬುನಾದಿ.

ಆದರೂ ಮೊಮ್ಮಗ ಕಾಯಬೇಕು. ಒಂದೇ ವರ್ಷದಲ್ಲಿ ಮುಕ್ಕಾಲು ಪವರ್ ಏರಿದೆ. ಕನಿಷ್ಠ ಒಂದು ವರ್ಷ ಅರ್ಧ ಪವರಿಗಿಂತ ಹೆಚ್ಚು ಬದಲಾಗದೆ ನಿಲ್ಲಬೇಕು, ಇಲ್ಲವಾದರೆ ಚಿಕಿತ್ಸೆಯ ಮೇಲೂ ಕನ್ನಡಕ ಮರಳಿ ಬರುತ್ತದೆ. ಇನ್ನು ಕಬಡ್ಡಿ. ಲ್ಯಾಸಿಕ್‌ನ ಮುಚ್ಚಳ ಎಂದಿಗೂ ಮೊದಲಿನಷ್ಟು ಗಟ್ಟಿಯಾಗಿ ಅಂಟುವುದಿಲ್ಲ. ವರ್ಷಗಳ ಮೇಲೂ ಎದುರಾಳಿಯ ಬೆರಳೋ ಉಗುರೋ ತಾಗಿ ಸರಿಯಬಹುದು. ಇವನಂಥವರಿಗೆ ಮುಚ್ಚಳವೇ ಇಲ್ಲದ ಪಿಆರ್‌ಕೆ ಒಳ್ಳೆಯದು. ಮೂರು ದಿನ ನೋವು, ಉರಿ ಇರುತ್ತದೆ. ಪೂರ್ತಿ ಸ್ಪಷ್ಟವಾಗಲು ವಾರಗಳು ಬೇಕು. ಬಿಸಿಲಿಗೆ ಹೋಗುವಾಗ ಕೂಲಿಂಗ್ ಗ್ಲಾಸ್ ತಪ್ಪಿಸುವಂತಿಲ್ಲ. ಸಣ್ಣ ಸೀಳಿನಿಂದ ತೆಳು ಪದರ ಹೊರತೆಗೆಯುವ ಸ್ಮೈಲ್ ಇನ್ನೊಂದು ದಾರಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದರೆ, ಮೆತ್ತನೆಯವನ್ನು ಪರೀಕ್ಷೆಗೆ ಎರಡು ವಾರ ಮೊದಲೇ ನಿಲ್ಲಿಸಬೇಕು. ಲೆನ್ಸ್ ಒತ್ತಿ ಕಾರ್ನಿಯಾದ ಆಕಾರ ಬದಲಾಗಿದ್ದರೆ ಅಳತೆಯೇ ತಪ್ಪುತ್ತದೆ. ಸಮವಸ್ತ್ರದ ಕೆಲಸಗಳಲ್ಲಿ ಲೇಸರ್ ಚಿಕಿತ್ಸೆಯ ಬಗ್ಗೆ ನಿಯಮ ಒಂದೊಂದಕ್ಕೆ ಒಂದೊಂದು ತರಹ. ಅಧಿಸೂಚನೆ ಓದಿಕೊಂಡ ಮೇಲೆಯೇ ಹಣ ಕಟ್ಟಲಿ.

ಪ್ರಶ್ನೆ: ಲ್ಯಾಸಿಕ್ ಆಗಿ ಮೂರು ವಾರ. ಬೆಳಿಗ್ಗೆ ಚೆನ್ನಾಗಿ ಕಾಣುತ್ತದೆ, ಸಂಜೆಗೆ ಉರಿ, ಮಬ್ಬು. ರಾತ್ರಿ ಗಾಡಿಗಳ ಲೈಟಿನ ಸುತ್ತ ಬಳೆಯಂತೆ ಬೆಳಕು. ಕಾಣುತ್ತಿದೆಯಲ್ಲ ಎಂದು ಹನಿ ಹಾಕುವುದನ್ನು ನಿಲ್ಲಿಸಿದೆ. ಅತ್ತೆ ಜೇನುತುಪ್ಪ ಹಾಕು ಅನ್ನುತ್ತಾರೆ. ಕಂಪ್ಯೂಟರ್ ಕೆಲಸ. ಕಣ್ಣು ಕೆಡಿಸಿಕೊಂಡೆನೇ ಎಂದು ನಿದ್ದೆ ಬರುತ್ತಿಲ್ಲ.
— ಓದುಗಿ, ಬೆಂಗಳೂರು

ಉತ್ತರ: ನೀವು ಹೇಳಿದ ಲಕ್ಷಣಗಳು ಮೂರನೇ ವಾರದಲ್ಲಿ ಅನೇಕರಿಗೆ ಇರುವಂಥವೇ. ಮುಚ್ಚಳ ಎಬ್ಬಿಸುವಾಗ ಕಾರ್ನಿಯಾದ ಸೂಕ್ಷ್ಮ ನರಗಳು ತುಂಡಾಗುತ್ತವೆ. ಕಣ್ಣು ಒಣಗಿದೆ, ನೀರು ಬೇಕು ಎಂದು ಸುದ್ದಿ ಮುಟ್ಟಿಸುವ ನರಗಳೇ ಅವು. ಅವು ಚಿಗುರುವವರೆಗೆ ಕಣ್ಣೀರು ಕಡಿಮೆ, ರೆಪ್ಪೆ ಬಡಿಯುವುದೂ ಕಡಿಮೆ. ಪರದೆ ಎದುರು ಕೂತಾಗ ಅದು ಇನ್ನೂ ಇಳಿಯುತ್ತದೆ, ಅದಕ್ಕೇ ಸಂಜೆಯ ಉರಿ. ಹೆಚ್ಚಿನವರಿಗೆ ಮೂರರಿಂದ ಆರು ತಿಂಗಳಲ್ಲಿ ಹಿಡಿತಕ್ಕೆ ಬರುತ್ತದೆ, ಕೆಲವರಿಗೆ ವರ್ಷ ಹಿಡಿಯುತ್ತದೆ. ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರಿನ ಹನಿಯನ್ನು ಉರಿ ಶುರುವಾಗುವ ಮೊದಲೇ ಹಾಕಿ. ಎಸಿ ಗಾಳಿ ಮುಖಕ್ಕೆ ಹೊಡೆಯದ ಕಡೆ ಕೂರಿ. ರಾತ್ರಿ ಪಾಪೆ ಹಿಗ್ಗಿ, ಲೇಸರ್ ತಿದ್ದಿದ ಭಾಗದ ಅಂಚಿನಿಂದಲೂ ಬೆಳಕು ಒಳಬರುವುದರಿಂದ ಆ ಬಳೆಗಳು. ಅವು ಮಾಸುವವರೆಗೆ ರಾತ್ರಿ ಸ್ಕೂಟರ್ ಬೇಡ.

ಹನಿ ನಿಲ್ಲಿಸಿದ್ದು ಮಾತ್ರ ಸರಿಯಲ್ಲ. ಸ್ಟೆರಾಯ್ಡ್ ಹನಿಯನ್ನು ಸರ್ಜನ್ ಬರೆದ ಕ್ರಮದಲ್ಲೇ ಇಳಿಸಬೇಕು. ಮೊದಲೇ ಬಿಟ್ಟರೆ ಉರಿಯೂತ, ಮೆಡಿಕಲ್ ಸ್ಟೋರಿನಲ್ಲಿ ಕೊಂಡು ಮುಂದುವರಿಸಿದರೆ ಕಣ್ಣಿನ ಒತ್ತಡ ಏರಬಹುದು. ನಾಳೆಯೇ ಅವರಿಗೆ ಫೋನ್ ಮಾಡಿ. ಅತ್ತೆಯವರ ಕಾಳಜಿ ದೊಡ್ಡದು, ಆದರೆ ಜೇನು, ಹರಳೆಣ್ಣೆ, ಕಾಡಿಗೆ ಯಾವುದೂ ಈಗ ಹತ್ತಿರ ಬರಬಾರದು. ನೋವು ಹೆಚ್ಚಾದರೆ, ಕಣ್ಣು ಕೆಂಪೇರಿದರೆ, ದೃಷ್ಟಿ ಥಟ್ಟನೆ ಮಂಕಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕಣ್ಣು ನೋಡಲು ಚೆನ್ನಾಗಿದ್ದೂ ತಿಂಗಳುಗಟ್ಟಲೆ ನೋವು ಹೋಗದ ಸ್ಥಿತಿ ಅಪರೂಪಕ್ಕೆ ಉಂಟು. ಅದು ನರದ ನೋವು, ಮನಸ್ಸಿನ ಭ್ರಮೆಯಲ್ಲ. ಹಾಗಾದರೆ ಕಾರ್ನಿಯಾ ತಜ್ಞರನ್ನೇ ಕಾಣಿ.

ಇನ್ನೊಂದು ವಿಷಯ. ಚಿಕಿತ್ಸೆಗೆ ಮುಂಚಿನ ಪವರ್, ಕಾರ್ನಿಯಾದ ಅಳತೆ, ನಕ್ಷೆ ಇರುವ ಫೈಲನ್ನು ಕೇಳಿ ಪಡೆದು ಮನೆಪತ್ರಗಳ ಜೊತೆ ಇಡಿ. ಮುಂದೆ ವಯಸ್ಸಾಗಿ ಕಣ್ಣಿನ ಪೊರೆ ತೆಗೆಸುವಾಗ ಯಾವ ಪವರಿನ ಲೆನ್ಸ್ ಕೂರಿಸಬೇಕೆಂದು ಲೆಕ್ಕ ಹಾಕಲು ಆ ಡಾಕ್ಟರು ಈ ಕಾಗದಗಳನ್ನೇ ಕೇಳುತ್ತಾರೆ.