ಫೋನಿನಲ್ಲಿ ಓದಿ ಪಾಸಾಗಲು ಸಿಂಧನೂರು ಸೀಮೆಯವರಿಗೆ ಹತ್ತು ಸೂತ್ರಗಳು

ಪಿಯುಸಿಯೋ ಡಿಗ್ರಿಯೋ ಮುಗಿಯುತ್ತಿದ್ದಂತೆ ಧಾರವಾಡಕ್ಕೋ ವಿಜಯಪುರಕ್ಕೋ ಹೋಗಿ ರೂಮು ಮಾಡುವುದು ನಮ್ಮ ಕಡೆಯ ಓದುವ ಹುಡುಗರ ಹಳೆಯ ರೂಢಿ. ಬಾಡಿಗೆ, ಮೆಸ್ಸು, ಕೋಚಿಂಗ್ ಫೀ ಎಲ್ಲ ಸೇರಿ ಅಪ್ಪನ ಒಂದು ಬೆಳೆಯ ದುಡ್ಡು ಅಲ್ಲಿಗೇ ಆಗಿಬಿಡುತ್ತದೆ. ಕೊರೊನಾ ಬಂದು 2020ರ ಮಾರ್ಚ್‌ನಲ್ಲಿ ಶಾಲೆ, ಕಾಲೇಜು ಮುಚ್ಚಿದ ಮೇಲೆ ಇನ್ನೊಂದು ದಾರಿ ಎಲ್ಲರ ಕಣ್ಣಿಗೂ ಬಿತ್ತು. ಧಾರವಾಡದ ಮೇಷ್ಟ್ರ ಪಾಠವನ್ನು ಈಗ ಮಸ್ಕಿಯ ಮನೆಯಲ್ಲಿ, ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಕುಳಿತು ಕೇಳಬಹುದು. ಪಾಠ ಹುಡುಕುವುದು ಕಷ್ಟವಲ್ಲ. ಹಿಡಿದದ್ದನ್ನು ಮುಗಿಸುವುದು, ಮುಗಿಸಿದ್ದಕ್ಕೆ ಬೆಲೆ ಬರುವಂತೆ ನೋಡಿಕೊಳ್ಳುವುದು ಕಷ್ಟ. ಈ ಸೂತ್ರಗಳು ಅದಕ್ಕಾಗಿ.

1. ಮೊದಲು ಪರೀಕ್ಷೆ, ಆಮೇಲೆ ಆ್ಯಪ್

‘ಏನಾದರೂ ಕಲಿಯೋಣ’ ಎಂದು ಶುರು ಮಾಡಿದವರು ಹದಿನೈದು ದಿನಕ್ಕೆ ಬಿಡುತ್ತಾರೆ. ಪಿಡಿಒ, ಪಿಎಸ್‌ಐ, ಎಫ್‌ಡಿಎ, ಸಿಇಟಿ, ನೀಟ್, ಯಾವುದು ಎಂದು ಮೊದಲು ಗಟ್ಟಿ ಮಾಡಿಕೊಳ್ಳಿ. ಅದರ ಅಧಿಸೂಚನೆಯಲ್ಲಿರುವ ಪಠ್ಯಕ್ರಮದ ಪುಟವನ್ನು ಝೆರಾಕ್ಸ್ ಮಾಡಿಸಿ ಗೋಡೆಗೆ ಅಂಟಿಸಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಗೋಡೆಯ ಮೇಲಿನ ಪಟ್ಟಿಯಲ್ಲಿ ಇಲ್ಲದ ವಿಡಿಯೊ ಎಷ್ಟೇ ಚೆನ್ನಾಗಿದ್ದರೂ ಇವತ್ತಿಗೆ ಬೇಡ.

2. ಫೀ ಕಟ್ಟುವ ಮೊದಲು ಮಾನ್ಯತೆ ನೋಡಿ

ಈ ಒಂದು ವಿಷಯದಲ್ಲಿ ಎಷ್ಟು ಹುಷಾರಾಗಿದ್ದರೂ ಸಾಲದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ. ಅಂಥ ಸಂಸ್ಥೆಗೇ 2013-14ನೇ ಸಾಲಿನಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ. ಮತ್ತೆ ಸಿಕ್ಕಿದ್ದು 2018ರಲ್ಲಿ. ಆ ನಡುವೆ ಸೇರಿದ ಮಕ್ಕಳು ಪಟ್ಟ ಪಾಡು ಸಣ್ಣದಲ್ಲ. ಈಗ ಅದು ಮಾನ್ಯತೆ ಇರುವ ಸಂಸ್ಥೆ, ಧೈರ್ಯವಾಗಿ ಸೇರಬಹುದು. ಆದರೆ ಪಾಠ ನೆನಪಿರಲಿ: ಹೆಸರು ದೊಡ್ಡದಿದ್ದರೆ ಸಾಲದು, ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಒಪ್ಪಿಗೆ ಇರಬೇಕು.

ಒಪ್ಪಿಗೆ ಇರುವ ಸಂಸ್ಥೆ, ಕೋರ್ಸುಗಳ ಪಟ್ಟಿ ಯುಜಿಸಿಯ ದೂರಶಿಕ್ಷಣ ಬ್ಯೂರೊದ (ಡಿಇಬಿ) ವೆಬ್‌ಸೈಟಿನಲ್ಲಿ ಸಿಗುತ್ತದೆ. 2024ರಿಂದ ಆನ್‌ಲೈನ್ ಅಥವಾ ದೂರಶಿಕ್ಷಣದ ಡಿಗ್ರಿಗೆ ಸೇರುವ ಪ್ರತಿ ವಿದ್ಯಾರ್ಥಿಯೂ ಅಲ್ಲೇ ಡಿಇಬಿ ಐಡಿ ಮಾಡಿಕೊಳ್ಳಬೇಕು. ಏಜೆಂಟ್ ‘ಅದೆಲ್ಲ ಬೇಡ ಸರ್, ನಾವು ಮಾಡಿಸ್ತೀವಿ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಇನ್ನೊಂದು ಮಾತು: ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಕಾನೂನು, ಕೃಷಿ ಪದವಿಗಳನ್ನು ಆನ್‌ಲೈನಿನಲ್ಲಾಗಲಿ ದೂರಶಿಕ್ಷಣದಲ್ಲಾಗಲಿ ಕೊಡಲು ಯುಜಿಸಿ ನಿಯಮದಲ್ಲಿ ಅವಕಾಶವೇ ಇಲ್ಲ. ‘ಮನೆಯಲ್ಲೇ ಕುಳಿತು ನರ್ಸಿಂಗ್ ಡಿಗ್ರಿ’ ಎಂಬ ಪಾಂಪ್ಲೆಟ್ ಕೈಗೆ ಬಂದರೆ ಹರಿದು ಹಾಕಿ, ಪಕ್ಕದ ಮನೆಯವರಿಗೂ ಹೇಳಿ.

3. ಬಿಟ್ಟಿ ಸಿಗುವುದನ್ನು ಮೊದಲು ಮುಗಿಸಿ

ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠದ ತಾಣ ಕಟ್ಟಿದ್ದು 2003ರಲ್ಲಿ. ಅಂಥದೇ ಇನ್ನೊಂದು ತಾಣ, ಕೇಂದ್ರ ಸರ್ಕಾರದ ‘ಸ್ವಯಂ’ ಬಂದದ್ದು 2017ರ ಜುಲೈನಲ್ಲಿ. ಎರಡರಲ್ಲೂ ಪಾಠಕ್ಕೆ ದುಡ್ಡಿಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಬರೆಯಬೇಕು. ಎನ್‌ಪಿಟಿಇಎಲ್‌ನಲ್ಲಿ ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಕೊನೆಯ ಪರೀಕ್ಷೆಗೆ 75. ಕಾಲೇಜು ಮತ್ತು ವಿಶ್ವವಿದ್ಯಾಲಯ ಒಪ್ಪಿದರೆ ಡಿಗ್ರಿಯ ಒಂದು ಸೆಮಿಸ್ಟರಿನ ಶೇ 40ರವರೆಗಿನ ಕೋರ್ಸುಗಳನ್ನು ಸ್ವಯಂನಲ್ಲೇ ಮಾಡಬಹುದು. ನಿಮ್ಮ ಪ್ರಿನ್ಸಿಪಾಲರನ್ನು ಕೇಳಿ. ಕೇಳುವವರಿಲ್ಲದೆ ಈ ಅವಕಾಶ ಎಷ್ಟೋ ಕಾಲೇಜುಗಳಲ್ಲಿ ಹಾಗೇ ಬಿದ್ದಿದೆ.

ಹೈಸ್ಕೂಲಿನವರಿಗೆ ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಸಾಕು, ದೀಕ್ಷಾ ಆ್ಯಪ್‌ನಲ್ಲಿ ಪಾಠ ತೆರೆದುಕೊಳ್ಳುತ್ತದೆ. ಗಣಿತಕ್ಕೆ ಖಾನ್ ಅಕಾಡೆಮಿ ಕನ್ನಡದಲ್ಲೂ ಇದೆ.

4. ಸಾಲ ಮಾಡಿ ಕೋರ್ಸು ಕೊಳ್ಳಬೇಡಿ

ಮನೆಗೆ ಬಂದು, ಮಗುವಿನ ಎದುರೇ ‘ನಿಮ್ಮ ಮಗನ ಭವಿಷ್ಯ’ ಎಂದು ಹೇಳಿ, ಅಪ್ಪನ ಹೆಸರಿನಲ್ಲಿ ಕಂತಿನ ಸಾಲಕ್ಕೆ ಸಹಿ ಹಾಕಿಸಿಕೊಂಡು ಹೋಗುವವರಿದ್ದಾರೆ. ದೇಶದಲ್ಲೇ ದೊಡ್ಡ ಆನ್‌ಲೈನ್ ಪಾಠದ ಕಂಪನಿ ಎನಿಸಿಕೊಂಡಿದ್ದ ಬೆಂಗಳೂರಿನ ಬೈಜೂಸ್ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಕಂಪನಿ ಮುಳುಗಿದರೂ ಕಂತು ನಿಲ್ಲುವುದಿಲ್ಲ, ಏಕೆಂದರೆ ಸಾಲ ಕೊಟ್ಟವರು ಬೇರೆಯವರು. ಒಂದು ತಿಂಗಳ ಫೀ ಕಟ್ಟಿ ನೋಡಿ, ಸರಿ ಎನಿಸಿದರೆ ಮುಂದಿನದು. ಕೋಚಿಂಗ್ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ, ಪೂರ್ತಿ ಫೀ ಕಟ್ಟಿ ನಡುವೆ ಬಿಟ್ಟವರಿಗೆ ಉಳಿದ ಅವಧಿಯ ದುಡ್ಡನ್ನು 10 ದಿನದೊಳಗೆ ವಾಪಸ್ ಕೊಡಬೇಕು. ರಸೀದಿ ಜೋಪಾನವಾಗಿಡಿ.

5. ಹೆಣ್ಣುಮಗಳಿಗೂ ಫೋನಿನ ಹೊತ್ತು ಗೊತ್ತುಮಾಡಿ

ಅಪ್ಪ, ಅಮ್ಮಂದಿರು ಇದನ್ನು ಓದಲೇಬೇಕು. ಮನೆಗೊಂದೇ ಸ್ಮಾರ್ಟ್‌ಫೋನ್. ಬೆಳಿಗ್ಗೆ ಅದು ಅಪ್ಪನ ಜೇಬಿನಲ್ಲಿ ಗದ್ದೆಗೆ ಹೋಗುತ್ತದೆ. ಸಂಜೆ ಅಣ್ಣನ ಕೈಗೆ. ರೊಟ್ಟಿ ಬಡಿದು, ಮುಸುರೆ ತಿಕ್ಕಿ, ರಾತ್ರಿ ಹತ್ತಕ್ಕೆ ತಂಗಿಯ ಕೈಗೆ ಬರುವ ಹೊತ್ತಿಗೆ ದಿನದ ಒಂದೂವರೆ ಜಿಬಿ ಖಾಲಿ. ಲೆಕ್ಕದ ವಿಡಿಯೊ ಸುತ್ತುತ್ತಲೇ ಇರುತ್ತದೆ, ಅವಳು ನೋಡುತ್ತಲೇ ನಿದ್ದೆ ಹೋಗುತ್ತಾಳೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತ ಮೇಲಿನವರೆಲ್ಲ ನೀರೆತ್ತಿಕೊಂಡ ಮೇಲೆ ಉಳಿದದ್ದಕ್ಕೆ ಕಾಯುವ ಹಾಗೆ ಇವಳೂ ಕಾಯುತ್ತಾಳೆ. ಆ ಅನ್ಯಾಯಕ್ಕೆ ರಸ್ತೆಗಿಳಿಯುವ ನಾವು ಮನೆಯೊಳಗಿನ ಈ ಅನ್ಯಾಯವನ್ನು ಕಾಣದೆ ಹೋದರೆ ಹೇಗೆ?

ಮಾಡಬೇಕಾದದ್ದು ಇಷ್ಟೇ. ಸಂಜೆ ಆರರಿಂದ ಎಂಟು ಫೋನು ಅವಳದು ಎಂದು ಮನೆಯಲ್ಲಿ ಎಲ್ಲರೆದುರು ಹೇಳಿ. ಆ ಎರಡು ತಾಸು ಒಲೆಯ ಕೆಲಸ ಬೇರೆಯವರು ನೋಡಿಕೊಳ್ಳಲಿ. ಅಣ್ಣನೂ ರೊಟ್ಟಿ ಬಡಿಯುವುದನ್ನು ಕಲಿಯಬಹುದು.

6. ಹದಿನಾಲ್ಕರೊಳಗಿನ ಮಗುವನ್ನು ಶಾಲೆ ಬಿಡಿಸಬೇಡಿ

ಆನ್‌ಲೈನ್ ಇದೆಯಲ್ಲ ಎಂದು ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಮಕ್ಕಳನ್ನು ಕರೆದೊಯ್ಯುವ ಮಾತು ಕೇಳಿದ್ದೇನೆ. ದಯವಿಟ್ಟು ಬೇಡ. ಕೊರೊನಾ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಫೋನಿಲ್ಲವೆಂದೇ ಸರ್ಕಾರ 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಶುರು ಮಾಡಿ, ಮೇಷ್ಟ್ರುಗಳನ್ನು ಗುಡಿಯ ಕಟ್ಟೆಗೆ, ಮರದ ನೆರಳಿಗೆ ಕಳಿಸಬೇಕಾಯಿತು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತು, ಮರುವರ್ಷ ಜನವರಿಯಲ್ಲಿ ಮತ್ತೆ ಶುರುವಾಯಿತು. ಚಂದನ ಟಿ.ವಿ. ವಾಹಿನಿಯಲ್ಲಿ ‘ಸಂವೇದ’ ಪಾಠಗಳೂ ಬಂದವು. ಅಷ್ಟೆಲ್ಲ ಮಾಡಿದರೂ ಚಿಕ್ಕ ಮಕ್ಕಳು ಅಕ್ಷರ ಮರೆತು ತರಗತಿಗೆ ಬಂದರು.

ಶಾಲೆ ಎಂದರೆ ಬಿಸಿಯೂಟವೂ ಹೌದು. ರಾಜ್ಯದಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವುದು 2021ರ ಡಿಸೆಂಬರ್‌ನಲ್ಲಿ ಶುರುವಾದದ್ದು ರಾಯಚೂರೂ ಸೇರಿದಂತೆ ಈ ಭಾಗದ ಜಿಲ್ಲೆಗಳಲ್ಲಿ. ನಮ್ಮ ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚಿತ್ತು, ಅದಕ್ಕೇ. ಫೋನು ಮೊಟ್ಟೆ ಕೊಡುವುದಿಲ್ಲ.

ಶಾಲೆಯ ರೀತಿ ಬದಲಾಗಬೇಕು ಎನ್ನುವವರಿಗೆ ಉತ್ತರ ಶಾಲೆಯೊಳಗೇ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಲಿ ಎಂದು ಕಲಿಸುವ ಪದ್ಧತಿ. ನಿಮ್ಮೂರ ಶಾಲೆಯಲ್ಲಿ ಅದು ಹೇಗೆ ನಡೆಯುತ್ತಿದೆ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ.

7. ಬಿಟ್ಟುಹೋದ ಓದನ್ನು ಮತ್ತೆ ಹಿಡಿಯಿರಿ

ಗುಳೆ ಹೋಗಿ ಎಂಟನೆಯದಕ್ಕೋ ಒಂಬತ್ತನೆಯದಕ್ಕೋ ಓದು ನಿಂತಿದೆಯೇ? 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್, ಇಂಥವರಿಗಾಗಿಯೇ ಇದೆ. 14 ತುಂಬಿದವರು ಹತ್ತನೆಯದಕ್ಕೆ ಸೇರಬಹುದು. ಒಮ್ಮೆ ನೋಂದಾಯಿಸಿದರೆ ಐದು ವರ್ಷದಲ್ಲಿ ಒಂಬತ್ತು ಬಾರಿ ಪರೀಕ್ಷೆಗೆ ಅವಕಾಶ. ಪಾಸಾದ ವಿಷಯವನ್ನು ಮತ್ತೆ ಬರೆಯಬೇಕಿಲ್ಲ. ಸುಗ್ಗಿ ಇಲ್ಲದ ಹೊತ್ತಿಗೆ ಎರಡೆರಡೇ ವಿಷಯ ಮುಗಿಸಬಹುದು. ಸೇರುವ ಮೊದಲು ಯಾವ ವಿಷಯಕ್ಕೆ ಯಾವ ಭಾಷೆಯ ಪುಸ್ತಕ ಎಂದು ಕೇಳಿಕೊಳ್ಳಿ. ಕನ್ನಡದಲ್ಲೇ ಬರೆಯಬೇಕೆನ್ನುವವರಿಗೆ ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟುವ ದಾರಿಯೂ ಇದೆ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿರುವುದರಿಂದ ಒಂದು ವಿಷಯ ಹೋದರೆ ವರ್ಷವೇ ಹೋಯಿತು ಎನ್ನುವ ಹಾಗಿಲ್ಲ.

8. ಮನೆಯಿಂದ ಹೊರಗೆ ಒಂದು ಜಾಗ ಹುಡುಕಿ

ಮಂಚದ ಮೇಲೆ ಮಲಗಿ ಓದು ಆಗುವುದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರು. ಎಷ್ಟೋ ಕಡೆ ಕಂಪ್ಯೂಟರ್ ಇದೆ, ನೆಟ್ ಇದೆ. ಅಲ್ಲೇ ವಾರದ ಪಾಠ ಡೌನ್‌ಲೋಡ್ ಮಾಡಿಕೊಂಡರೆ ಕರೆಂಟು ಹೋದರೂ ಸಿಗ್ನಲ್ ಹೋದರೂ ಓದು ನಿಲ್ಲುವುದಿಲ್ಲ. ಬಾಗಿಲು ಹಾಕಿದ್ದರೆ ಪಿಡಿಒ ಅವರಿಗೆ ಅರ್ಜಿ ಕೊಡಿ. ಅದೇ ಪರೀಕ್ಷೆಗೆ ಓದುವ ಮೂರು ಜನ ಸಿಕ್ಕರೆ ಇನ್ನೂ ಒಳ್ಳೆಯದು. ಒಬ್ಬರೇ ಓದುವವರು ಕೈಬಿಡುವುದೇ ಹೆಚ್ಚು.

9. ನೋಡಿದ್ದನ್ನು ಬರೆಯಿರಿ, ಹತ್ತಿರವಿದ್ದರೆ ಹೋಗಿ ನೋಡಿ

ಒಂದು ತಾಸು ವಿಡಿಯೊ ನೋಡಿದರೆ ಅರ್ಧ ತಾಸು ಪೆನ್ನು ಹಿಡಿಯಿರಿ. ಅಶೋಕನ ಶಾಸನದ ಪಾಠವನ್ನು ದೆಹಲಿಯ ಮೇಷ್ಟ್ರಿಂದ ಫೋನಿನಲ್ಲಿ ಕೇಳುವ ಸಿಂಧನೂರಿನ ಮಕ್ಕಳಲ್ಲಿ ಮಸ್ಕಿಯ ಬೆಟ್ಟ ಹತ್ತಿದವರು ಎಷ್ಟು ಜನ? 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಆ ಬಂಡೆಯ ಮೇಲೆ ಅಶೋಕ ಎಂಬ ಹೆಸರೇ ಇತ್ತು. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಲೋಕಕ್ಕೆ ಖಚಿತವಾದದ್ದು ನಮ್ಮ ಮಸ್ಕಿಯಿಂದ. ಬಂಡೆಯ ಎದುರು ನಿಂತು ಬಂದವರಿಗೆ ಈ ಪ್ರಶ್ನೆ ಪರೀಕ್ಷೆಯಲ್ಲಿ ತಪ್ಪುವುದಿಲ್ಲ. ಮುದಗಲ್ ಕೋಟೆಗೂ ಹೀಗೇ ಹೋಗಿ ಬನ್ನಿ.

10. 371 ಜೆ ಪ್ರಮಾಣಪತ್ರ ಈಗಲೇ ಮಾಡಿಸಿ

ಸಂವಿಧಾನದ 371 ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ 80, ಇಲ್ಲಿನ ಕಾಲೇಜು ಸೀಟುಗಳಲ್ಲಿ ಶೇ 70 ಸ್ಥಳೀಯರಿಗೆ ಮೀಸಲು. ಅದನ್ನು ಪಡೆಯಲು ಸಹಾಯಕ ಆಯುಕ್ತರ ಸಹಿಯ ಪತ್ರ ಬೇಕು. ನಮಗೆ ಆ ಕಚೇರಿ ಲಿಂಗಸುಗೂರಿನಲ್ಲಿದೆ. ಅರ್ಜಿ ಹಾಕುವ ಕೊನೆಯ ವಾರದಲ್ಲಿ ಎಲ್ಲರೂ ಅಲ್ಲಿಗೇ ಓಡುತ್ತಾರೆ. ನೀವು ಈ ತಿಂಗಳೇ ನಾಡಕಚೇರಿಯಲ್ಲಿ ವಿಚಾರಿಸಿ, ಬೇಕಾದ ದಾಖಲೆಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿಟ್ಟುಕೊಂಡು ಅರ್ಜಿ ಕೊಡಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂದೂ ಆಗಲೇ ನೋಡಿಕೊಳ್ಳಿ.